ಹಳದಿ ಗುಲಾಬಿಗೆ ಕಾದ ಕಲಾವಿದ

ಹುಬ್ಬಳ್ಳಿಯ ಕಮರಿಪೇಟೆಯಂಥ ಹಳೆಯ ಓಣಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ತೋಟಕ್ಕೆ ಜಾಗ ಎಲ್ಲಿಂದ ತರುವುದು? ಆದರೂ ಹೂವಿನ ಹುಚ್ಚಿದ್ದವರು ಮಾಳಿಗೆಯ ಮೇಲೆ ಎಣ್ಣೆ ಡಬ್ಬಿ, ಒಡೆದ ಕೊಡ, ಪೇಂಟಿನ ಖಾಲಿ ಬಕೆಟ್ಟುಗಳಲ್ಲೇ ದಾಸವಾಳ, ಸೇವಂತಿಗೆ ಬೆಳೆಸಬಲ್ಲರು. ಹೂವಿನ ಚಿತ್ರ ಬರೆಯುವವರಿಗೆ ಅಷ್ಟು ತೋಟ ಧಾರಾಳವಾಯಿತು. ಹೂವೇನೋ ಪೇಟೆಯಲ್ಲಿ ದುಡ್ಡು ಕೊಟ್ಟರೆ ಸಿಗುತ್ತದೆ. ಅದರ ಹೊತ್ತು ತಿಳಿಯುವುದು ಮಾತ್ರ ಗಿಡಕ್ಕೆ ನೀರು ಹಾಕಿದವರಿಗೆ.

ಮಡಕೆ, ಪುಸ್ತಕ, ಹಿತ್ತಾಳೆ ತಂಬಿಗೆಯನ್ನು ಮೇಜಿನ ಮೇಲಿಟ್ಟು ಬರೆಯುವವರಿಗೆ ಅವಸರವಿಲ್ಲ. ವಾರ ಬಿಟ್ಟು ಬಂದರೂ ಅವು ಇಟ್ಟ ಹಾಗೇ ಇರುತ್ತವೆ. ಹೂವಿನ ಲೆಕ್ಕ ಬೇರೆ. ದಾಸವಾಳ ಬೆಳಿಗ್ಗೆ ಅರಳಿ ಸಂಜೆಗೆ ಮುದುಡುತ್ತದೆ. ಸೇವಂತಿಗೆ ದಿನಗಟ್ಟಲೆ ನಿಲ್ಲುತ್ತದೆ, ಆದರೆ ಇರುಳು ದೀರ್ಘವಾಗುವ ಕಾಲ ಬರದೆ ತಾನಾಗಿ ಮೊಗ್ಗು ಬಿಡದು. ಇದನ್ನು ಬಲ್ಲ ಕಲಾವಿದರು ಬೇಗ ಬಾಡುವ ಹೂವಿನಿಂದಲೇ ಚಿತ್ರ ಶುರುಮಾಡುತ್ತಾರೆ. ಎಲೆ, ಹೂದಾನಿ, ಹಿಂದಿನ ಗೋಡೆಯ ಸರದಿ ಆಮೇಲೆ.

ಹೂವಿನ ಚಿತ್ರಗಳಿಗೆ ಹೆಸರಾದ ಹಳೆಯ ಡಚ್ ಕಲಾವಿದರು ಒಂದೇ ಹೂದಾನಿಯಲ್ಲಿ ಬೇರೆ ಬೇರೆ ಋತುಗಳ ಹೂಗಳನ್ನು ಕೂಡಿಸುತ್ತಿದ್ದರು. ನಮ್ಮಲ್ಲಿ ಬೇಸಿಗೆಯ ದುಂಡುಮಲ್ಲಿಗೆಯನ್ನೂ ಚಳಿಗಾಲದ ಸೇವಂತಿಗೆಯನ್ನೂ ಒಟ್ಟಿಗೆ ಇಟ್ಟ ಹಾಗೆ. ಆಯಾ ಕಾಲದಲ್ಲಿ ಒಂದೊಂದು ಹೂವನ್ನು ನೋಡಿ ಬರೆದಿಟ್ಟುಕೊಂಡು, ಕಡೆಗೆ ಎಲ್ಲವನ್ನೂ ಒಂದು ಚಿತ್ರಕ್ಕೆ ತರುವುದು ಅವರಲ್ಲಿ ಅನೇಕರ ಪದ್ಧತಿ. ಯಾನ್ ವಾನ್ ಹ್ಯೂಸಮ್ ಎಂಬ ಕಲಾವಿದ ಇನ್ನೂ ಹಟದವನು. ಹೋದ ವರ್ಷ ಹಳದಿ ಗುಲಾಬಿ ಸಿಗಲಿಲ್ಲ, ಸಿಕ್ಕಿದ್ದರೆ ಚಿತ್ರ ಮುಗಿಯುತ್ತಿತ್ತು ಎಂದು 1742ರಲ್ಲಿ ಗಿರಾಕಿಯ ಕಡೆಯವರಿಗೆ ಪತ್ರ ಬರೆದ. ಹಳದಿ ಬಣ್ಣಕ್ಕೆ ಅವನಲ್ಲಿ ಬರವಿರಲಿಲ್ಲ. ನೋಡದ ಹೂವನ್ನು ಬರೆಯಲು ಅವನಿಗೆ ಮನಸ್ಸು ಬರಲಿಲ್ಲ.

ನಮ್ಮ ರುಮಾಲೆ ಚನ್ನಬಸವಯ್ಯ (1910–1988) ಅವರೂ ಅದೇ ಜಾತಿಯವರು. ಸ್ವಾತಂತ್ರ್ಯ ಹೋರಾಟಗಾರರು, ‘ತಾಯಿನಾಡು’ ಪತ್ರಿಕೆಯ ಸಂಪಾದಕರು, ವಿಧಾನ ಪರಿಷತ್ತಿನ ಸದಸ್ಯರು. ಆ ರಾಜಕೀಯವನ್ನೆಲ್ಲ ಬಿಟ್ಟು ಬೆಂಗಳೂರಿನ ಹೂಮರಗಳ ಎದುರು ಕ್ಯಾನ್ವಾಸ್ ಹಿಡಿದು ನಿಂತರು. ಕಬ್ಬನ್ ಪಾರ್ಕು, ಲಾಲ್‌ಬಾಗುಗಳ ಮರಗಳನ್ನು ಸ್ಥಳದಲ್ಲೇ ನೋಡಿ ಬರೆದರು. ಒಂದು ಮರ ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಆ ಊರಿನ ಸಾಲುಮರಗಳನ್ನು ಯೋಜಿಸಿದ್ದು ತೋಟಗಾರಿಕೆಯ ತಜ್ಞ ಕ್ರುಂಬಿಗಲ್. ಒಬ್ಬರು ನೆಟ್ಟದ್ದು ಇನ್ನೊಬ್ಬರ ಕುಂಚಕ್ಕೆ ವರ್ಷವಿಡೀ ಕೆಲಸ ಕೊಟ್ಟಿತು. ಆದರೆ ಮರ ಅರಳಿದ ದಿನವೇ ಹೋಗಬೇಕು; ತಪ್ಪಿದರೆ ಮುಂದಿನ ವರ್ಷ.

ಇವತ್ತು ಬೇಕಾದ ಹೂವಿನ ಫೋಟೊ ಕೇಳಿದ ಕ್ಷಣಕ್ಕೆ ಮೊಬೈಲಿನಲ್ಲಿ ಬಂದು ನಿಲ್ಲುತ್ತದೆ. ಅದನ್ನು ನೋಡಿ ಬರೆದರೆ ಆಕಾರ ಸಿಕ್ಕೀತು. ಮೊಗ್ಗು ಬಿರಿಯುವ ಮುನ್ನ ತೊಟ್ಟು ಹೇಗೆ ಬಾಗುತ್ತದೆ, ಯಾವ ಎಸಳು ಮೊದಲು ಸೋಲುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಡ್ರಾಯಿಂಗ್ ಪರೀಕ್ಷೆಗೆ ಕೂರುವ ಮಕ್ಕಳಿಗೆ ಬಣ್ಣದ ಪೆಟ್ಟಿಗೆ ಕೊಡಿಸುವ ತಂದೆತಾಯಿ ಜೊತೆಗೊಂದು ಸೇವಂತಿಗೆ ಸಸಿಯನ್ನೂ ಕೊಡಿಸಲಿ. ಬಣ್ಣ ಬಳಿಯಲು ಮೇಷ್ಟ್ರು ಕಲಿಸುತ್ತಾರೆ. ಕಾಯುವುದನ್ನು ಗಿಡವೇ ಕಲಿಸಬೇಕು.