ಕೊಡಲಿಯ ಪಾಪ ಯಾರ ಪಾಲಿಗೆ?

ಹಸಿಮರಕ್ಕೆ ಕೊಡಲಿ ಹಾಕುವುದು ಪಾಪ ಎಂಬ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು. ಹಣ್ಣು ಕೊಡುವ ಮರವನ್ನು ಕಡಿದವನಿಗೆ ಮನುಸ್ಮೃತಿ ನೂರು ಋಕ್ಕುಗಳ ಜಪವನ್ನು ಪ್ರಾಯಶ್ಚಿತ್ತವಾಗಿ ವಿಧಿಸುತ್ತದೆ. ಜೈನರಿಗೆ ಮರವೂ ಒಂದು ಇಂದ್ರಿಯವುಳ್ಳ ಜೀವ. ಬೀಳಗಿ, ಮುಧೋಳ, ಜಮಖಂಡಿ ಸೀಮೆಯಲ್ಲಿ ಬನ್ನಿ, ಪತ್ರಿ, ಅರಳಿ ಗಿಡಗಳ ಮುಂದೆ ಇಂದಿಗೂ ಕೊಡಲಿ ಹಿಡಿದ ಕೈ ಹಿಂಜರಿಯುತ್ತದೆ. ಆ ಹಿಂಜರಿಕೆ ಉಳಿಯಬೇಕು. ಆದರೆ ಅದರ ನೆರಳಿನಲ್ಲೇ ಇನ್ನೊಂದು ಎಣಿಕೆ ಬೆಳೆದುಬಂದಿದೆ: ನಮ್ಮ ಹೊಲದ ಬೇವು, ಜಾಲಿ ಕಡಿಯದೆ ಸಿಮೆಂಟು, ಕಬ್ಬಿಣ, ಪೇಟೆಯ ತೇಗ ತಂದು ಕಟ್ಟಿದ ಮನೆಯಲ್ಲಿ ಪಾಪದ ಲೇಪವಿಲ್ಲ ಎಂಬುದು. ಈ ಎಣಿಕೆ ತಪ್ಪು. ಮನೆಗೆ ಬೇಕಾದ ಕಟ್ಟಿಗೆಯನ್ನು ತನ್ನ ಸೀಮೆಯಲ್ಲೇ ಬೆಳೆದು, ತಾನೇ ಕಡಿದು, ಕಡಿದದ್ದಕ್ಕೆ ಬದಲು ಬೆಳೆಸುವುದೇ ಗೃಹಸ್ಥನಿಗೆ ತೆರೆದಿರುವ ಹೆಚ್ಚು ಪ್ರಾಮಾಣಿಕ ದಾರಿ.

ಇದನ್ನು ತೂಗಿ ನೋಡಲು ಬೇಕಾದ ಅಳತೆಗೋಲು ಈ ನೆಲದಲ್ಲೇ ಇದೆ. ತೇರದಾಳದಲ್ಲಿ 1123ರಲ್ಲಿ ಮಾಂಡಲಿಕ ಗೊಂಕ ನೇಮಿನಾಥ ಬಸದಿಯನ್ನು ಕಟ್ಟಿಸಿದ. ಜೈನಧರ್ಮ ಇಲ್ಲಿ ಅಷ್ಟು ಹಿಂದಿನಿಂದ ಬೇರುಬಿಟ್ಟಿದೆ. ಆ ಧರ್ಮದ ತತ್ವಾರ್ಥಸೂತ್ರ ಹಿಂಸೆಯನ್ನು ಮೂರು ಬಗೆಯಾಗಿ ಲೆಕ್ಕ ಹಿಡಿಯುತ್ತದೆ: ತಾನೇ ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿಕೊಂಡದ್ದು. ಕೃತ, ಕಾರಿತ, ಅನುಮತ ಎಂಬ ಈ ಮೂರರಲ್ಲಿ ಯಾವುದೂ ಕರ್ಮದಿಂದ ಹೊರಗುಳಿಯುವುದಿಲ್ಲ. ಈ ಲೆಕ್ಕದಲ್ಲಿ ಇಂದಿನ ಮನೆಯನ್ನು ಇಟ್ಟು ನೋಡಬೇಕು. ಕಟ್ಟಿಗೆಯ ಅಡ್ಡೆಯಿಂದ ಕೊಂಡ ತೇಗದ ಚೌಕಟ್ಟಿನ ಹಿಂದೆ ದಾಂಡೇಲಿಯದೋ, ಕಡಲಾಚೆಯದೋ ಒಂದು ಕಾಡು ಇರುತ್ತದೆ. ಅಲ್ಲಿ ಕೊಡಲಿ ಬಿದ್ದಾಗ ನಮ್ಮ ಕಣ್ಣು ಅಲ್ಲಿರಲಿಲ್ಲ, ಅಷ್ಟೆ. ಸಿಮೆಂಟಿನ ಹಿಂದೆ ಲೋಕಾಪುರದ ಕಡೆಯಂಥ ಸುಣ್ಣಕಲ್ಲಿನ ನೆಲದ ಅಗೆತವಿದೆ. ಸುಣ್ಣಕಲ್ಲನ್ನು ಸುಡುವಾಗ ಉರುವಲಿನ ಹೊಗೆಯ ಜೊತೆಗೆ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡೂ ಬಿಡುಗಡೆಯಾಗುತ್ತದೆ. ಒಣಗಿದ ಕಟ್ಟಿಗೆಯ ತೂಕದಲ್ಲಾದರೋ ಹೆಚ್ಚುಕಡಿಮೆ ಅರ್ಧದಷ್ಟು ಇಂಗಾಲವೇ. ತೊಲೆಯಾಗಿ ಮನೆಯಲ್ಲಿ ನಿಂತಷ್ಟು ಕಾಲ ಅದು ಗಾಳಿಗೆ ಮರಳುವುದಿಲ್ಲ. ಕಾಣದ ಕಡೆ ನಡೆದ ಹಿಂಸೆಗೆ ಹಣ ಕೊಟ್ಟವನು ಅದರ ಪಾಲುದಾರನಲ್ಲ ಎಂಬ ಮಾತನ್ನು ಈ ಲೆಕ್ಕ ಒಪ್ಪುವುದಿಲ್ಲ.

ಹಾಗಾದರೆ ಕಡಿಯುವುದಕ್ಕೆ ಎಲ್ಲೆ ಯಾವುದು? ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಪ್ರತಿಮೆಗಾಗಿ ಮರ ತರಲು ಕಾಡು ಹೊಗುವ ವಿಧಿಗೇ ಒಂದು ಅಧ್ಯಾಯವಿದೆ. ಸ್ಮಶಾನದ, ದೇಗುಲದ, ಆಶ್ರಮದ ಮರಗಳನ್ನು ಮುಟ್ಟಬಾರದು. ಆರಿಸಿದ ಮರಕ್ಕೆ ಹಿಂದಿನ ರಾತ್ರಿ ಬಲಿ ಅರ್ಪಿಸಿ, ಅದರಲ್ಲಿ ನೆಲೆಸಿರುವ ಜೀವಿಗಳು ಬೇರೆಡೆಗೆ ಹೋಗಲೆಂದು ಬೇಡಿಕೊಂಡು, ಮರುದಿನ ಕಡಿಯಬೇಕು. ಕಡಿಯುವವನು ಮೊದಲು ಮರದೆದುರು ನಿಂತು ಕೇಳಬೇಕು ಎಂಬುದೇ ಈ ವಿಧಿಯ ತಿರುಳು. ಶರಣರು ಇನ್ನೂ ಮುಂದೆ ಹೋದರು. ಮೋಳಿಗೆ ಮಾರಯ್ಯನದು ಕಾಡಿನಿಂದ ಕಟ್ಟಿಗೆಯ ಹೊರೆ ತಂದು ಮಾರುವ ಕಾಯಕ. ಬಾಚಿಕಾಯಕದ ಬಸವಪ್ಪ ಬಡಗಿ. ಬಾಚಿಯೇ ಅವನ ಹೆಸರಿನ ಭಾಗವಾಯಿತು. ಮರವನ್ನು ಕಡಿಯುವ, ಕೆತ್ತುವ ಕೈಗಳಿಗೆ ಅನುಭವ ಮಂಟಪದ ಬಾಗಿಲು ಮುಚ್ಚಿರಲಿಲ್ಲ. ಎಲ್ಲೆ ತೋರಿಸಿದವಳು ಆಯ್ದಕ್ಕಿ ಲಕ್ಕಮ್ಮ. ಗಂಡ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಮಿಕ್ಕದ್ದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಒಂದು ವರ್ಷ ನೆಲ ಬೆಳೆಸಿಕೊಟ್ಟದ್ದಕ್ಕಿಂತ ಹೆಚ್ಚು ಕಟ್ಟಿಗೆಯನ್ನು ಆ ವರ್ಷ ತೆಗೆಯಬಾರದು ಎಂದು ಇಂದಿನ ಅರಣ್ಯಶಾಸ್ತ್ರ ಹೇಳುವುದೂ ಇದನ್ನೇ. ಪಾಪ ಇರುವುದು ಕಡಿತದಲ್ಲಲ್ಲ, ಅಳತೆ ಮೀರಿದ ಕಡಿತದಲ್ಲಿ ಮತ್ತು ತೀರಿಸದೆ ಬಿಟ್ಟ ಋಣದಲ್ಲಿ.

ಆಲಮಟ್ಟಿಯ ಹಿನ್ನೀರು ಮುಟ್ಟುವ ಘಟಪ್ರಭೆಯ ಸೀಮೆಯ ಅನಗವಾಡಿಯಂಥ ಊರಿಗೆ ಈ ಪ್ರಶ್ನೆ ಬರಿಯ ತರ್ಕವಲ್ಲ. ಈ ಭಾಗದ ಹಳೆಯ ಮಾಳಿಗೆ ಮನೆ ಕಂಬ, ಬೋದಿಗೆ, ತೊಲೆ, ಜಂತಿಗಳ ಮೇಲೆ ನಿಂತದ್ದು. ಮೇಲೆ ಮಣ್ಣಿನ ಹೊದಿಕೆ, ನಡುವೆ ಬೆಳಕಿಂಡಿ. ದೊಡ್ಡವರ ಮನೆಗೆ ಸಾಗವಾನಿ ಹೊರಗಿನಿಂದ ಬಂದಿರಬಹುದು, ಬಡವರ ಮನೆಗೆ ಬೇವು, ಜಾಲಿಗಳೇ ಆಧಾರ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ ಮೇಲೆ ಈ ಸೀಮೆಯಲ್ಲಿ ಮುಳುಗಡೆಯ ಮಾತು ನಿಂತೇ ಇಲ್ಲ. ಮುಳುಗುವ ಊರಿನಲ್ಲಿ ಎರಡು ಬಗೆಯ ಮನೆಗಳ ಅಂತರ ಸ್ಪಷ್ಟವಾಗುತ್ತದೆ. ತೊಲೆ, ಬಾಗಿಲು, ಕಂಬಗಳನ್ನು ಬಿಚ್ಚಿ ಗಾಡಿಯಲ್ಲಿ ಹೇರಿ ಹೊಸ ಜಾಗದಲ್ಲಿ ಮತ್ತೆ ನಿಲ್ಲಿಸಬಹುದು. ಕಾಂಕ್ರೀಟು ಒಡೆದರೆ ಉಳಿಯುವುದು ಸರಳು ಮತ್ತು ಪುಡಿ. ಅಜ್ಜ ಕಡಿದ ಒಂದು ಮರ ಮೊಮ್ಮಗನ ಎರಡನೆಯ ಮನೆಗೂ ಒದಗಿದರೆ ಆ ಒಂದು ಕೊಡಲಿಯೇಟಿನ ಭಾರ ಅಷ್ಟು ಹಗುರಾಗುತ್ತದೆ. ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚುವ, ಚೌಕಟ್ಟು ನಿಲ್ಲಿಸುವಾಗ ಪೂಜೆ ಮಾಡುವ ನಮ್ಮ ರೂಢಿಗೆ ಅರ್ಥ ಬರುವುದೂ ಆ ಕಟ್ಟಿಗೆ ಎಲ್ಲಿ ಬೆಳೆದದ್ದೆಂದು ಮನೆಯವರಿಗೆ ಗೊತ್ತಿದ್ದಾಗಲೇ.

ಇದಕ್ಕೆ ಎದುರುಮಾತುಗಳಿವೆ, ಹಗುರವಾದವೂ ಅಲ್ಲ. ಈ ಬಯಲಿನಲ್ಲಿ ಕಾಡೇ ಇಲ್ಲ, ಇರುವ ಯಡಹಳ್ಳಿಯ ಕುರುಚಲು ಚಿಂಕಾರಕ್ಕೆ ಮೀಸಲಾದ ಅಭಯಧಾಮ ಎನ್ನುವವರಿದ್ದಾರೆ. ಅದನ್ನು ಮುಟ್ಟಬೇಕೆಂದು ನಾನು ಹೇಳುತ್ತಿಲ್ಲ. ಹೊಲದ ಬದು, ಹಳ್ಳದ ದಂಡೆ, ಹಿತ್ತಲು ಸಾಕು. ಬದುವಿನ ಗಿಡದ ನೆರಳಿಗೆ ಕಬ್ಬು, ಜೋಳ ಬಡವಾಗುತ್ತವೆ ಎಂಬ ರೈತನ ದೂರು ನಿಜ. ಆದರೂ ನಮ್ಮ ಎರೆಹೊಲಗಳಲ್ಲಿ ಜಾಲಿ ತಲೆಮಾರುಗಳಿಂದ ಉಳಿದು ಬಂದದ್ದು ಕಾರಣವಿಲ್ಲದೆ ಅಲ್ಲ: ಅದರ ಬೇರು ಮಣ್ಣಿಗೆ ಸಾರಜನಕ ಕೂಡಿಸುತ್ತದೆ, ಕಟ್ಟಿಗೆ ಕುಂಟೆ, ಕೂರಿಗೆ, ಗಾಡಿಯ ಗಾಲಿಗೆ ಒದಗುತ್ತಿತ್ತು, ಕೊಂಬೆ ಸವರಿದರೆ ನೆರಳೂ ಹತೋಟಿಯಲ್ಲಿರುತ್ತದೆ. ಹುಳು ಹಿಡಿಯುತ್ತದೆ ಎಂಬ ಭಯಕ್ಕೆ ಬಡಗಿಗಳ ಹಳೆಯ ಉತ್ತರವಿದೆ: ಕಡಿದ ದಿಮ್ಮಿಯನ್ನು ವಾರಗಟ್ಟಲೆ ನೀರಿನಲ್ಲಿ ಮುಳುಗಿಸಿಟ್ಟು, ನೆರಳಿನಲ್ಲಿ ಒಣಗಿಸಿ, ಬಿಳಿಭಾಗ ಕೆತ್ತಿ ಕೆಚ್ಚನ್ನು ಮಾತ್ರ ಬಳಸುವುದು. ಸೋರುವ ಮಾಳಿಗೆಯ ಬದಲು ಸ್ಲ್ಯಾಬು ಬಯಸುವ ಬಡವನನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಮೇಲ್ಛಾವಣಿ ಸ್ಲ್ಯಾಬಿನದೇ ಇರಲಿ, ಬಾಗಿಲು, ಕಿಟಕಿ, ದನದ ಕೊಟ್ಟಿಗೆಯ ಕಂಬಗಳನ್ನಾದರೂ ಸೀಮೆಯ ಕಟ್ಟಿಗೆಯಿಂದ ಮಾಡಬಹುದು.

ಕಾನೂನಿನ ಎದುರುಮಾತು ಎಲ್ಲಕ್ಕಿಂತ ಗಟ್ಟಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವಿನಾಯಿತಿ ಪಡೆದ ಜಾತಿಗಳನ್ನು ಬಿಟ್ಟರೆ ತನ್ನ ಹೊಲದ ಮರ ಕಡಿಯಲೂ ಅನುಮತಿ ಬೇಕು. ಬೆಳೆದ ಮೇಲೆ ಕಡಿಯಲು ಬಿಡುತ್ತಾರೋ ಇಲ್ಲವೋ ಎಂಬ ಅಂಜಿಕೆಯಿರುವವನು ಸಸಿಯನ್ನೇ ಕಿತ್ತೆಸೆಯುತ್ತಾನೆ; ಹೀಗೆ ಮರವನ್ನು ಕಾಯಲು ಬಂದ ನಿಯಮ ಸಸಿಯ ಮೇಲೆ ಎರಗುತ್ತದೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇದಕ್ಕಿಂತ ಸರಿಯಾದ ನ್ಯಾಯವನ್ನು ಹಿಡಿದಿದೆ: ಅಲ್ಲಿ ಹಣ ಸಿಗುವುದು ನೆಟ್ಟ ಸಸಿಗಲ್ಲ, ಬದುಕಿ ಉಳಿದ ಸಸಿಗೆ. ನೆಡುವ ಉತ್ಸವಕ್ಕಿಂತ ನೀರು ಹಾಕುವ ಮೂರು ಬೇಸಿಗೆ ದೊಡ್ಡದು. ಮುಳುಗಡೆಯ ಊರುಗಳವರಿಗಾಗಿ ಇರುವ ಪುನರ್ವಸತಿ ಕೇಂದ್ರಗಳಲ್ಲೂ ಇದೇ ನ್ಯಾಯ ಹಿಡಿದು, ನಿವೇಶನ ಹಂಚುವಾಗಲೇ ಓಣಿಯ ಅಂಚಿಗೆ, ಊರ ಸುತ್ತಲ ಜಾಗಕ್ಕೆ ಬೇವು, ಜಾಲಿ, ತೇಗದ ಸಾಲು ಗುರುತಿಸಿ, ಇಪ್ಪತ್ತು ಮೂವತ್ತು ವರ್ಷದ ನಂತರ ಅವನ್ನು ಕಡಿಯುವ ಹಕ್ಕು ಅಲ್ಲಿನ ಮನೆಗಳಿಗೇ ಎಂದು ಬರೆದುಕೊಟ್ಟರೆ, ಇಂದು ನೀರೆರೆಯುವವರಿಗೆ ಆ ನೀರು ಯಾರ ಬಾಗಿಲಿಗೆಂದು ತಿಳಿದಿರುತ್ತದೆ.