ವ್ರತಕ್ಕೆ ನಡೆಯುತ್ತದೆಯೇ, ಮಜ್ಜಿಗೆ ಬ್ರೆಡ್ಡು?

ಶ್ರಾವಣ ಶುದ್ಧ ಏಕಾದಶಿ ದಾಟಿತೆಂದರೆ ಕಿತ್ತೂರು, ಬೈಲಹೊಂಗಲ, ಧಾರವಾಡ ಕಡೆಯ ಮಾಧ್ವ ಮನೆಗಳಲ್ಲಿ ಮೊಸರು ಎಲೆಗೆ ಬರುವುದು ನಿಲ್ಲುತ್ತದೆ. ಚಾತುರ್ಮಾಸ್ಯದ ಎರಡನೆಯ ತಿಂಗಳು ಅದು, ದಧಿವ್ರತ. ಹಾಗೆಂದು ಹೆಪ್ಪು ಹಾಕುವುದೇನೂ ನಿಲ್ಲುವುದಿಲ್ಲ. ಅದೇ ಮೊಸರನ್ನು ಕಡೆದು ಬೆಣ್ಣೆ ತೆಗೆದ ಮಜ್ಜಿಗೆಗೆ ಬಹಳಷ್ಟು ಮನೆಗಳಲ್ಲಿ ಅಡ್ಡಿಯಿಲ್ಲ. ಮುಂದಿನ ತಿಂಗಳು ಕ್ಷೀರವ್ರತ. ಆಗ ಹಾಲು ಬಿಡುತ್ತಾರೆ, ಮೊಸರು ಉಣ್ಣುತ್ತಾರೆ. ಹಾಲು ಬೇರೆ, ಮೊಸರು ಬೇರೆ, ಮಜ್ಜಿಗೆ ಬೇರೆ ಎಂದು ಪ್ರತಿವರ್ಷ ಪಂಚಾಂಗ ನೋಡಿಕೊಂಡು ಈ ಮನೆಗಳು ತೀರ್ಪು ಕೊಡುತ್ತ ಬಂದಿವೆ.

ಈಗ ಈ ತೀರ್ಪಿಗೆ ಹೊಸದೊಂದು ದಾವೆ ಬಂದಿದೆ. ಬೆಂಗಳೂರಿನಿಂದಲೋ ಪುಣೆಯಿಂದಲೋ ಊರಿಗೆ ಬಂದ ಸೊಸೆ, ಮೊಮ್ಮಗಳು ಮನೆಯಲ್ಲೇ ಬ್ರೆಡ್ ಮಾಡುತ್ತಾರೆ. ಈಸ್ಟ್ ಇಲ್ಲ, ಮೊಟ್ಟೆ ಇಲ್ಲ, ಮೈದಾ ಸಹ ಇಲ್ಲ. ಗೋಧಿ ಹಿಟ್ಟು, ಉಪ್ಪು, ಅಡುಗೆ ಸೋಡಾ, ಹುಳಿ ಮಜ್ಜಿಗೆ, ಇಷ್ಟೇ. ದಧಿವ್ರತದ ತಿಂಗಳಲ್ಲಿ ಅಜ್ಜಿಯ ತಟ್ಟೆಗೆ ಇದನ್ನು ಇಡಬಹುದೇ? ಮೊಸರಿಲ್ಲ, ಹೌದು. ಆದರೆ ಹುಳಿಯೇರಿ ಉಬ್ಬಿದ್ದು, ಮೇಲಾಗಿ ಅದರ ಹೆಸರು ಬ್ರೆಡ್ಡು.

ಕೇಳಲು ಕ್ಷುಲ್ಲಕ ಅನ್ನಿಸುವ ಪ್ರಶ್ನೆ. ಆದರೆ ಭಾರತೀಯ ತತ್ತ್ವಶಾಸ್ತ್ರ ಸುಮಾರು ಎರಡು ಸಾವಿರ ವರ್ಷ ಕಚ್ಚಾಡಿದ್ದು ಇದರ ಬೇರಿನ ಸುತ್ತಲೇ: ಒಂದು ವಸ್ತು ಇನ್ನೊಂದಾದಾಗ ಅದು ಹಳೆಯದೇ, ಹೊಸದೇ?

ಆ ಕಚ್ಚಾಟಕ್ಕೆ ಹೋಗುವ ಮೊದಲು, ಈ ಸೀಮೆಯಲ್ಲಿ ಮೊಸರಿಗೆ ಅಷ್ಟು ಬೆಲೆ ಯಾಕೆಂದು ನೋಡೋಣ. ಕಿತ್ತೂರಿನ ಮಗ್ಗುಲಲ್ಲೇ ಇರುವ ದೇಗಾಂವದಲ್ಲಿ ಕಮಲನಾರಾಯಣ ಗುಡಿಯಿದೆ. ಗೋವೆಯ ಕದಂಬರ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದ್ದು; ಶಾಸನಗಳ ಕಾಲ 1174ರ ಆಸುಪಾಸು. ಗಂಡನ ಬಿರುದು ಶಿವಚಿತ್ತ, ಮೈದುನ ವಿಜಯಾದಿತ್ಯನದು ವಿಷ್ಣುಚಿತ್ತ; ಶಿವಚಿತ್ತನ ರಾಣಿ ಕಟ್ಟಿಸಿದ್ದು ನಾರಾಯಣನ ಗುಡಿಯನ್ನು. ಆ ಮನೆತನದಲ್ಲಿ ದೇವರ ವಿಷಯಕ್ಕೆ ಜಗಳವಿರಲಿಲ್ಲವೆಂದು ಕಾಣುತ್ತದೆ. ಗುಡಿಯ ಜೊತೆಗೆ ಊರು ಬ್ರಾಹ್ಮಣರಿಗೆ ಅಗ್ರಹಾರವಾಗಿಯೂ ಸಂದಿತು. ಇಲ್ಲಿನ ದೇವಿ ಕಮಲೆ, ಎಂದರೆ ಲಕ್ಷ್ಮಿ, ಸಮುದ್ರವನ್ನು ಕಡೆದಾಗ ಹುಟ್ಟಿದವಳು. ಮಹಾಭಾರತದ ಆದಿಪರ್ವ ಈ ಕಥೆಯನ್ನು ಅಡುಗೆಮನೆಯ ಲೆಕ್ಕದಲ್ಲೇ ಹೇಳುತ್ತದೆ: ಮಂದರಪರ್ವತದ ಗಿಡಮೂಲಿಕೆಗಳ ರಸ ಇಳಿದು ಸಮುದ್ರದ ನೀರು ಹಾಲಾಯಿತು, ಹಾಲಿನಿಂದ ತುಪ್ಪ ಬಂತು, ಆಮೇಲೆ ಚಂದ್ರ, ಲಕ್ಷ್ಮಿ, ಕೊನೆಗೆ ಅಮೃತ. ದೀಪ ಹಚ್ಚಿದ ಮೇಲೆ ಹೆಪ್ಪಿಗೆಂದು ಮೊಸರು ಕೇಳಿದರೆ “ನಾಳೆ ಮುಂಜಾನೆ ಬರ್ರಿ ವೈನಿ” ಎಂದು ಈ ಸೀಮೆಯ ಹೆಂಗಸರು ನಯವಾಗಿ ಕಳಿಸಿಬಿಡುತ್ತಾರಲ್ಲ, ಹೊರಗೆ ಹೋಗುವುದು ಮೊಸರಲ್ಲ, ಲಕ್ಷ್ಮಿ ಎಂಬ ನಂಬಿಕೆಯಿಂದ.

ಇನ್ನು ವಾದಕ್ಕೆ ಬರೋಣ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಒಂದು ಆಕ್ಷೇಪವಿದೆ. ಕುಂಬಾರನಿಗೆ ಗಡಿಗೆ ಮಾಡಲು ಮಣ್ಣು, ಚಕ್ರ, ಕೋಲು ಬೇಕು. ಯಾವ ಸಲಕರಣೆಯೂ ಇಲ್ಲದ ಬ್ರಹ್ಮ ಒಂಟಿಯಾಗಿ ಜಗತ್ತನ್ನು ಹೇಗೆ ಮಾಡೀತು? ಸೂತ್ರಕಾರರ ಉತ್ತರ: ಹಾಲಿನ ಹಾಗೆ. ಹಾಲು ತಾನೇ ಮೊಸರಾಗುವುದಿಲ್ಲವೇ? ಎದುರಾಳಿ ಬಿಡುವವನಲ್ಲ, ಹಾಲಿಗೂ ಕಾವು ಮುಂತಾದ ಹೊರಗಿನ ನೆರವು ಬೇಕಲ್ಲ ಎನ್ನುತ್ತಾನೆ. ಶಂಕರಾಚಾರ್ಯರು ಭಾಷ್ಯದಲ್ಲಿ ಇದನ್ನು ತಳ್ಳಿಹಾಕುತ್ತಾರೆ. ಕಾವು ಅವಸರ ಮಾಡಿಸುತ್ತದೆ, ಅಷ್ಟೇ. ಮೊಸರಾಗುವ ಶಕ್ತಿ ಹಾಲಿನದೇ. ಆ ಶಕ್ತಿ ಇಲ್ಲದಿದ್ದರೆ ಯಾವ ಕಾವೂ ಬಲವಂತದಿಂದ ಮೊಸರು ಮಾಡಲಾರದು. ಗಾಳಿಯನ್ನೋ ಆಕಾಶವನ್ನೋ ಎಷ್ಟು ಕಾಯಿಸಿದರೇನು?

ಹೆಪ್ಪಿನ ಬಟ್ಟಲು ಕೈಯಲ್ಲಿ ಹಿಡಿದವರು ಈ ವಾದಕ್ಕೆ ಸುಲಭವಾಗಿ ತಲೆದೂಗುವುದಿಲ್ಲ. ಕಾಸಿ ಮುಚ್ಚಿಟ್ಟ ಹಾಲು ಬೆಳಗಾಗುವುದರೊಳಗೆ ತಾನಾಗಿ ಮೊಸರಾದದ್ದನ್ನು ಯಾರು ಕಂಡಿದ್ದಾರೆ? ನಿನ್ನೆಯ ಮೊಸರಿನ ಒಂದು ಚಮಚೆ ಬೇಕು. ಅದಿಲ್ಲದಿದ್ದರೆ ಪಕ್ಕದ ಮನೆಯ ಮೊಸರು ಬೇಕು. 1780ರಲ್ಲಿ ಸ್ವೀಡನ್ನಿನ ಶೀಲೆ ಹುಳಿ ಹಾಲಿನಿಂದ ಲ್ಯಾಕ್ಟಿಕ್ ಆಮ್ಲವನ್ನು ಬೇರ್ಪಡಿಸಿದ. 1857ರಲ್ಲಿ ಲೂಯಿ ಪಾಶ್ಚರ್ ಈ ಹುಳಿಯ ಹಿಂದೆ ಜೀವಂತ ಸೂಕ್ಷ್ಮಾಣುಗಳಿವೆ ಎಂದು ತೋರಿಸಿದ. ಆ ಜೀವಿಗಳು ಹಾಲಿನೊಳಗಿನ ಸಕ್ಕರೆಯನ್ನು ಉಂಡು ಆಮ್ಲ ಬಿಡುತ್ತವೆ, ಆಮ್ಲ ತಾಗಿದ ಹಾಲಿನ ಪ್ರೋಟೀನು ಗಟ್ಟಿಯಾಗುತ್ತದೆ. ಲೆಕ್ಕಕ್ಕೆ ಹಿಡಿದರೆ ಎದುರಾಳಿಯೇ ಗೆದ್ದ. ಹೊರಗಿನವರು ಬೇಕೇ ಬೇಕು. ಆದರೂ ಶಂಕರರ ಮಾತು ಪೂರ್ತಿ ಬಿದ್ದುಹೋಗುವುದಿಲ್ಲ. ಅದೇ ಚಮಚೆ ಮೊಸರನ್ನು ನೀರಿಗೆ ಹಾಕಿದರೆ ನೀರು ಮೊಸರಾಗುವುದಿಲ್ಲ.

ಬೌದ್ಧರಿಗೆ ಹಾಲು ಬೇರೆ ಕೆಲಸಕ್ಕೆ ಬಂತು. ‘ಮಿಲಿಂದ ಪಞ್ಹ’ದಲ್ಲಿ ಗ್ರೀಕ್ ದೊರೆ ಮಿನಾಂದರನಿಗೆ ಭಿಕ್ಷು ನಾಗಸೇನ ಕೇಳುತ್ತಾನೆ: ಕರೆದ ಹಾಲು ಮೊಸರಾಗಿ, ಬೆಣ್ಣೆಯಾಗಿ, ತುಪ್ಪವಾದಾಗ, ಹಾಲೇ ತುಪ್ಪ ಅನ್ನಬಹುದೇ? ಅನ್ನಲಾಗದು, ಆದರೆ ಹಾಲಿಲ್ಲದೆ ತುಪ್ಪವೂ ಇಲ್ಲ. ಸತ್ತವನೂ ಮತ್ತೆ ಹುಟ್ಟಿದವನೂ ಒಬ್ಬನೇ ಅಲ್ಲ, ಬೇರೆಯೂ ಅಲ್ಲ ಎನ್ನಲು ಇಷ್ಟು ಸಾಕಾಯಿತು. ನಾಗಾರ್ಜುನನದು ಇನ್ನೂ ಚೂಪು. ಹಾಲೇ ಬದಲಾಗುವುದಾದರೆ ಹಾಲನ್ನೇ ಮೊಸರು ಅನ್ನಬೇಕು. ಹಾಲಲ್ಲದ ಬೇರೇನೋ ಮೊಸರಾಗುವುದಾದರೆ ಅದು ಯಾವುದು? ಬದಲಾವಣೆ ಎಂಬ ಮಾತಿಗೇ ಅವನು ನೆಲೆಯಿಲ್ಲದಂತೆ ಮಾಡುತ್ತಾನೆ.

ಇವರೆಲ್ಲರ ನಡುವೆ ಹೆಚ್ಚು ಮನೆಬಳಕೆಯ ತರ್ಕ ಜೈನರದು, ಅದರ ಬೇರು ಕನ್ನಡ ನೆಲದಲ್ಲಿ ಇಂದಿಗೂ ಜೀವಂತ. ‘ಆಪ್ತಮೀಮಾಂಸೆ’ಯಲ್ಲಿ ಸಮಂತಭದ್ರರು ಮೂವರು ವ್ರತಸ್ಥರನ್ನು ಎದುರಿಗೆ ಕೂಡಿಸುತ್ತಾರೆ. ಹಾಲೇ ಕುಡಿಯುವೆನೆಂದವನು ಮೊಸರು ಮುಟ್ಟುವುದಿಲ್ಲ. ಮೊಸರೇ ಉಣ್ಣುವೆನೆಂದವನು ಹಾಲು ಮುಟ್ಟುವುದಿಲ್ಲ. ಹಸುವಿನ ಹೈನವೇ ಬೇಡವೆಂದವನು ಎರಡನ್ನೂ ಬಿಡುತ್ತಾನೆ. ಹಾಗಾದರೆ ಒಂದೇ ವಸ್ತುವಿನಲ್ಲಿ ಅಳಿಯುವುದಿದೆ, ಹುಟ್ಟುವುದಿದೆ, ಉಳಿಯುವುದೂ ಇದೆ. ಊಟಕ್ಕೆ ಕುಳಿತ ಮೂವರನ್ನು ನೋಡಿ ವಸ್ತುವಿನ ಸ್ವರೂಪ ಹೇಳಿದ ಈ ಧೈರ್ಯವನ್ನು ಮೆಚ್ಚಬೇಕು. ಇದು ಬರೀ ಗ್ರಂಥದ ಮಾತೂ ಅಲ್ಲ. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಮನೆತನದಲ್ಲಿ ಹುಟ್ಟಿದ ಆಚಾರ್ಯ ಶಾಂತಿಸಾಗರರಿಂದ 20ನೆಯ ಶತಮಾನದಲ್ಲಿ ಮತ್ತೆ ಬಲಗೊಂಡ ದಿಗಂಬರ ಮುನಿಪರಂಪರೆಯಲ್ಲಿ ರಸತ್ಯಾಗವೆಂಬ ತಪಸ್ಸಿದೆ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂದು ಆರು ರಸ. ಹಾಲು ಮೊಸರಿಗೆ ಇಲ್ಲಿಯೂ ಬೇರೆ ಬೇರೆ ಖಾತೆ. ಮುನಿಗಳ ಆಹಾರಕ್ಕೆ ಮೊಸರು ಮಾಡುವ ಶ್ರಾವಕರ ಮನೆಗಳಲ್ಲಿ ನಿನ್ನೆಯ ಹೆಪ್ಪು ಹಾಕದೆ, ಬೆಳ್ಳಿಯ ನಾಣ್ಯವನ್ನೋ ತೆಂಗಿನ ಕರಟದ ಚೂರನ್ನೋ ಹಾಲಿಗೆ ಬಿಡುವ ಪದ್ಧತಿಯೂ ಇದೆ. ಹಳೆಯ ಹೆಪ್ಪಿನಲ್ಲಿ ಜೀವರಾಶಿ ಬೆಳೆದಿರುತ್ತದೆಂಬ ಅಂಜಿಕೆ. ಪಾಶ್ಚರನ ಸೂಕ್ಷ್ಮದರ್ಶಕಕ್ಕಿಂತ ಬಹಳ ಮೊದಲೇ ಹುಟ್ಟಿದ ಅಂಜಿಕೆ ಅದು. ಉಬ್ಬಿಸಿದ ಹಿಟ್ಟಿನ ಬ್ರೆಡ್ಡನ್ನು ನಿಷ್ಠಾವಂತ ಜೈನರು ದೂರ ಇಡುವುದೂ ಅದೇ ಕಾರಣಕ್ಕೆ.

ಒಂದೇ ವಸ್ತುವಿಗೆ ಹಲವು ಮುಖ ಎನ್ನುವ ಜೈನರ ಈ ಅನೇಕಾಂತವನ್ನು ಬೌದ್ಧ ತಾರ್ಕಿಕ ಧರ್ಮಕೀರ್ತಿ ಗೇಲಿ ಮಾಡಿದ. ಎಲ್ಲವೂ ಎಲ್ಲದರಂತೆಯೂ ಇರುವುದಾದರೆ, ಮೊಸರುಣ್ಣು ಎಂದಾಗ ಒಂಟೆಯ ಕಡೆಗೆ ಯಾಕೆ ಓಡುವುದಿಲ್ಲ? 8ನೆಯ ಶತಮಾನದ ಅಕಲಂಕ ತಿರುಗಿಸಿ ಕೊಟ್ಟ: ಬುದ್ಧ ಹಿಂದೊಂದು ಜನ್ಮದಲ್ಲಿ ಜಿಂಕೆಯಾಗಿದ್ದನಲ್ಲ, ಆದರೂ ನೀವು ಬುದ್ಧನಿಗೆ ಕೈಮುಗಿಯುತ್ತೀರಿ, ಜಿಂಕೆಯನ್ನು ತಿನ್ನುವ ವಸ್ತು ಎನ್ನುತ್ತೀರಿ. ಅಕಲಂಕನನ್ನು ಪರಂಪರೆ ರಾಷ್ಟ್ರಕೂಟರ ಮಾನ್ಯಖೇಟದೊಂದಿಗೆ ಸೇರಿಸುತ್ತದೆ. ಎಲೆಯ ಮೇಲಿನ ಮೊಸರಿನಿಂದ ಶುರುವಾದ ಜಗಳ ಎಲ್ಲಿಗೆ ಮುಟ್ಟಿತು ನೋಡಿ.

ಈ ಎಲ್ಲ ವಾದಗಳಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ತಾರ್ಕಿಕರು ಅಡುಗೆಮನೆಯಿಂದ ಮೊಸರು ಎರವಲು ತಂದರು. ಅಡುಗೆಮನೆ ಅವರಿಂದ ಏನನ್ನೂ ತರಲಿಲ್ಲ. ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಅದು ಮೊದಲೇ ಗೊತ್ತುಮಾಡಿಕೊಂಡಿತ್ತು. ಮನುಸ್ಮೃತಿಯ ಐದನೆಯ ಅಧ್ಯಾಯ ಹುಳಿಯೇರಿದ್ದನ್ನೆಲ್ಲ ನಿಷೇಧಿಸುತ್ತದೆ, ಮರುಶ್ಲೋಕದಲ್ಲೇ ಮೊಸರಿಗೂ ಮೊಸರಿನಿಂದ ಆದ ಎಲ್ಲದಕ್ಕೂ ವಿನಾಯಿತಿ ಕೊಡುತ್ತದೆ. ಅಲ್ಲಿ ಕಾರಣ ಕೊಟ್ಟಿಲ್ಲ. ಮೊಸರು ಬಿಟ್ಟು ಊಟ ಮಾಡಿ ಎಂದರೆ ಯಾರೂ ಕೇಳುವುದಿಲ್ಲವೆಂದು ಸ್ಮೃತಿಕಾರನಿಗೂ ಗೊತ್ತಿದ್ದಿರಬೇಕು.

ಬೇರೆ ಧರ್ಮಗಳಲ್ಲೂ ಹುಳಿ ಹೀಗೆಯೇ ಕಾಡಿದೆ. ಯಹೂದಿಗಳು ಪಸ್ಕದ ದಿನಗಳಲ್ಲಿ ಹುಳಿಹಿಟ್ಟನ್ನು ಮನೆಯಿಂದಲೇ ಹೊರಹಾಕುತ್ತಾರೆ. ಯಾಜಕಕಾಂಡದ ಪ್ರಕಾರ ಬಲಿಪೀಠದ ಮೇಲೆ ಹುಳಿಯ ರೊಟ್ಟಿ ಸುಡುವಂತಿಲ್ಲ, ಆದರೆ ಸುಗ್ಗಿಯ ಕಾಣಿಕೆಯ ಎರಡು ರೊಟ್ಟಿ ಹುಳಿಯವೇ ಆಗಬೇಕು. 1053–54ರಲ್ಲಿ ಕಾನ್‌ಸ್ಟಾಂಟಿನೋಪಲ್ ಮತ್ತು ರೋಮಿನ ಚರ್ಚುಗಳು ಬೇರ್ಪಟ್ಟಾಗ ಪೂಜೆಯ ರೊಟ್ಟಿಗೆ ಹುಳಿ ಬೇಕೇ ಬೇಡವೇ ಎಂಬುದೂ ಜಗಳದ ಒಂದು ಕಾರಣ. ತ್ರಿಶೂರಿನಲ್ಲಿ ನೆಲೆಸಿರುವ ಪೂರ್ವದ ಸಿರಿಯನ್ ಸಭೆಯಂತೂ ‘ಮಲ್ಕಾ’ ಎಂಬ ಪವಿತ್ರ ಹುದುಗನ್ನು ಅಪೊಸ್ತಲರ ಕಾಲದಿಂದ ಮುಗಿಯಗೊಡದೆ ಹೊಸದಕ್ಕೆ ಹಳೆಯದನ್ನು ಬೆರೆಸುತ್ತ ಬಂದಿದ್ದೇವೆಂದು ನಂಬುತ್ತದೆ. ಹೆಪ್ಪಿನ ಬಟ್ಟಲು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೇಗಾಂವದ ಸುತ್ತಮುತ್ತಲೇ ನಮ್ಮ ಬ್ರೆಡ್ಡಿನ ಪ್ರಶ್ನೆಗೆ ಇನ್ನೊಂದು ಉತ್ತರವೂ ಹಾದುಹೋಗಿತ್ತು. ಕಮಲಾದೇವಿಯ ಅಗ್ರಹಾರಕ್ಕೆ ಕೆಲವೇ ವರ್ಷ ಮೊದಲು, ಕಲ್ಯಾಣದ ಕ್ರಾಂತಿಯ ನಂತರ, ಚನ್ನಬಸವಣ್ಣನ ಜೊತೆ ಉಳವಿಯ ಕಡೆ ನಡೆದ ಶರಣರು ಕಾದರವಳ್ಳಿ, ಹುಬ್ಬಳ್ಳಿಯ ಮಾರ್ಗವಾಗಿ ಹೋದರೆಂದು ಐತಿಹ್ಯ. ಈ ಹುಬ್ಬಳ್ಳಿ ಮಲಪ್ರಭೆಯ ದಂಡೆಯ ಎಂ.ಕೆ. ಹುಬ್ಬಳ್ಳಿ, ಬಸವಣ್ಣನ ಮಡದಿ ಗಂಗಾಂಬಿಕೆಯ ಐಕ್ಯಮಂಟಪ ಇರುವುದು ಅಲ್ಲೇ. ಹಾಲು ಕರುವಿನ ಎಂಜಲು, ನೀರು ಮೀನಿನ ಎಂಜಲು ಎಂದ ಬಸವಣ್ಣನ ದಾರಿಯವರಿಗೆ ಮಡಿಯ ಹಾಲು ಎಂಬುದೇ ಇಲ್ಲ. ಇಷ್ಟಲಿಂಗಕ್ಕೆ ಅರ್ಪಿಸಿದ್ದೆಲ್ಲ ಪ್ರಸಾದ. ಆ ಪರಂಪರೆಯ ಮನೆಯಲ್ಲಿ ಮಜ್ಜಿಗೆ ಬ್ರೆಡ್ಡಿನ ಪ್ರಶ್ನೆ ಏಳುವುದಕ್ಕೆ ಮೊದಲೇ ಮುಗಿದಿರುತ್ತದೆ. ಹಾಗಂತ ಅಲ್ಲಿನ ಹಿರಿಯರು ಬ್ರೆಡ್ಡಿಗೆ ಕೈಚಾಚುತ್ತಾರೆಂದು ತಿಳಿಯಬೇಡಿ. ಜೋಳದ ರೊಟ್ಟಿಯ ಮುಂದೆ ಅದು ರೋಗಿಗಳ ಆಹಾರ.

ಬ್ರೆಡ್ಡು ಎಂಬ ಹೆಸರಿಗೆ ಅಂಟಿದ ಶಂಕೆಗೆ ಕಾರಣ ತರ್ಕದಲ್ಲಿಲ್ಲ, ಚರಿತ್ರೆಯಲ್ಲಿದೆ. ದೇಗಾಂವವನ್ನೂ ಗೋವೆಯನ್ನೂ ಒಂದೇ ಕದಂಬ ಮನೆತನ ಆಳಿತ್ತು. ಅದೇ ಗೋವೆಗೆ 1510ರಲ್ಲಿ ಪೋರ್ಚುಗೀಸರು ಬಂದರು, ಪಾವ್ ಬಂತು. ಈಸ್ಟ್ ಸಿಗದ ಕಡೆ ತೆಂಗಿನ ಕಳ್ಳಿನಿಂದ ಹಿಟ್ಟು ಉಬ್ಬಿಸಿದರು. ಊರ ಬಾವಿಗೆ ಪಾವ್ ಎಸೆದರು, ಆ ನೀರು ಕುಡಿದವರು ಜಾತಿ ಕೆಟ್ಟು ಕಿರಿಸ್ತಾನರಾಗಬೇಕಾಯಿತು ಎಂಬ ಕಥೆ ಆ ಕಡೆಯಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ನಡೆದದ್ದೋ ಇಲ್ಲವೋ, ಕಥೆಯ ಭಯ ನಿಜ. ಕಳ್ಳು, ಗೊತ್ತಿಲ್ಲದವರ ಕೈ, ಪರಧರ್ಮದ ಒಲೆ, ಈ ಮೂರೂ ಒಂದು ತುಂಡು ಬ್ರೆಡ್ಡಿನಲ್ಲಿ ಸೇರಿದ್ದವು.

ಮನೆಯ ಮಜ್ಜಿಗೆ ಬ್ರೆಡ್ಡಿನಲ್ಲಿ ಇವು ಮೂರೂ ಇಲ್ಲ. ಮಾಡುವ ಬಗೆಯೂ ಸರಳ. ಕಾಲು ಕಿಲೋ ಗೋಧಿ ಹಿಟ್ಟಿಗೆ ಅರ್ಧ ಚಮಚೆ ಸೋಡಾ, ಅಷ್ಟೇ ಉಪ್ಪು, ಸುಮಾರು 200 ಮಿಲಿಲೀಟರ್ ಚೆನ್ನಾಗಿ ಹುಳಿ ಬಂದ ಮಜ್ಜಿಗೆ. ನಾದುವುದು ಬೇಡ, ಕಲಸಿ ಉಂಡೆ ಮಾಡಿದರೆ ಸಾಕು. ಹುಗ್ಗಿಗೆ ಹೆಸರಾದ ಈ ಸೀಮೆಯ ಸದಕ ಗೋಧಿಯಲ್ಲಿ ಜಿಗುಟು ಕಡಿಮೆ, ಈಸ್ಟಿನ ಬ್ರೆಡ್ಡಿಗೆ ಅದು ಅಷ್ಟಾಗಿ ಒದಗದು, ಸೋಡಾಕ್ಕೆ ಒದಗುತ್ತದೆ. ಓವನ್ ಇಲ್ಲದವರು ಕುಕ್ಕರಿನ ಸೀಟಿ, ರಬ್ಬರು ತೆಗೆದು, ತಳಕ್ಕೆ ಉಪ್ಪು ಹರಡಿ, ಕಾಯಿಸಿ, ಒಳಗೆ ತಟ್ಟೆಯಿಟ್ಟು ಬೇಯಿಸುತ್ತಾರೆ. ಮಜ್ಜಿಗೆಯ ಆಮ್ಲ ಸೋಡಾಕ್ಕೆ ತಾಗಿದ ಕ್ಷಣದಿಂದ ಇಂಗಾಲದ ಡೈಆಕ್ಸೈಡ್ ಏಳತೊಡಗುತ್ತದೆ, ತಡಮಾಡಿದರೆ ಹೊರಟುಹೋಗುತ್ತದೆ. ಸೋಡಾ ಹೆಚ್ಚಾದರೆ ಸಾಬೂನಿನ ರುಚಿ. ಆ ಅನಿಲ ಸೋಡಾದೊಳಗೆ ಮೊದಲೇ ಅಡಗಿತ್ತು ಎಂದು ಸಾಂಖ್ಯರು ಬೀಗಬಹುದು. ಎರಡೂ ಕೂಡುವವರೆಗೆ ಇಲ್ಲದ್ದು ಈಗ ಹುಟ್ಟಿತು ಎಂದು ನೈಯಾಯಿಕರು ಹಟ ಹಿಡಿಯಬಹುದು. ಅಷ್ಟರಲ್ಲಿ ಬ್ರೆಡ್ ಬೆಂದಿರುತ್ತದೆ.

ಇಟ್ಟು ತಿಂದರೆ ತಂಗಳ ದೋಷ ಬರುತ್ತದಲ್ಲ ಎಂಬ ಮಾತೂ ಏಳುತ್ತದೆ. ಮನುಸ್ಮೃತಿ ಅದಕ್ಕೂ ದಾರಿ ಬಿಟ್ಟಿದೆ: ಜವೆ, ಗೋಧಿಗಳಿಂದ ಆದದ್ದು, ಹಾಲಿನ ವಿಕಾರದಿಂದ ಆದದ್ದು ಬಹುಕಾಲ ಇಟ್ಟಿದ್ದರೂ, ಜಿಡ್ಡು ಹಚ್ಚಿರದಿದ್ದರೂ ತಿನ್ನಲು ಯೋಗ್ಯ. ಗೋಧಿ ಮತ್ತು ಮಜ್ಜಿಗೆಯ ರೊಟ್ಟಿಗೆಂದೇ ಬರೆದಂತಿದೆ. ಉಳಿದದ್ದು ಸೋಡಾ ಒಂದೇ. ಅದನ್ನು ಯಾವ ಅಜ್ಜಿಯೂ ತಡೆಯುವುದಿಲ್ಲ. ಹಪ್ಪಳದ ಹಿಟ್ಟಿಗೆ ಖಾರ ಎಂದು ಹಾಕುವುದೂ ಕ್ಷಾರವೇ, ಆಯುರ್ವೇದ ಸರ್ಜಿಕಾಕ್ಷಾರವೆಂದು ಬಲ್ಲ, ಸೋಡಾದ ಸಂಬಂಧಿಕ. ಆ ಹಪ್ಪಳ ನೈವೇದ್ಯದ ಎಲೆಗೆ ಎಂದೋ ಬಂದು ಕೂತಿದೆ.