ನಿರ್ಜನ ದ್ವೀಪದ ಒಡೆತನ

ಮನುಷ್ಯರಾರೂ ವಾಸಿಸದ ನೆಲವು ಯಾರ ಸ್ವತ್ತು? ಹಾಲುರಾಮೇಶ್ವರದ ಸುತ್ತಿನ ಬಯಲುಸೀಮೆಯಲ್ಲಿ ಈ ಪ್ರಶ್ನೆಯು ಸುಲಭವಾಗಿ ಏಳಲಾರದು. ಇಲ್ಲಿ ಗೋಮಾಳಕ್ಕೂ ಕೆರೆಯಂಗಳಕ್ಕೂ ಹಕ್ಕುದಾರರುಂಟು. ಕಡಲ ನಡುವಣ ಬಂಡೆಯೊಂದನ್ನು ನೆನೆದಾಗ ಅದು ತಾನಾಗಿಯೇ ಏಳುತ್ತದೆ.

ಉತ್ತರಕನ್ನಡದ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ ಅರಬ್ಬೀ ಸಮುದ್ರದೊಳಗೆ ನೇತ್ರಾಣಿಯೆಂಬ ಸಣ್ಣ ದ್ವೀಪವಿರುವುದು. ಆಂಗ್ಲರು ತಮ್ಮ ಭಾಷೆಯಲ್ಲಿ ಇದನ್ನು ಪಾರಿವಾಳದ ದ್ವೀಪವೆಂದು ಕರೆದರು. ಬಿಳಿಹೊಟ್ಟೆಯ ಕಡಲಹದ್ದು ಇಲ್ಲಿ ಸಂತಾನವನ್ನು ಬೆಳೆಸುತ್ತದೆ. ವರ್ಷವರ್ಷವೂ ಹಳೆಯ ಗೂಡಿಗೇ ಮರಳಿ, ಮತ್ತಷ್ಟು ಕಡ್ಡಿಗಳನ್ನು ಸೇರಿಸಿ, ಸಾಮಾನ್ಯವಾಗಿ ಎರಡು ಮೊಟ್ಟೆಗಳನ್ನಿಡುವುದು ಅದರ ಸ್ವಭಾವ. ಬಾನಾಡಿಯ ಜಾತಿಯ ಮತ್ತೊಂದು ಪುಟ್ಟ ಹಕ್ಕಿಯು ತನ್ನ ಜೊಲ್ಲಿನಿಂದಲೇ ಗೂಡನ್ನು ಹೆಣೆದು ಗುಹೆಯ ಕಲ್ಲಿಗೆ ಅಂಟಿಸುವುದು. ಚೀನದಲ್ಲಿ ಇಂಥ ಗೂಡುಗಳ ಸಾರಿಗೆ ಬೆಲೆಯುಂಟಾದುದರಿಂದ ವೆಂಗುರ್ಲೆಯ ಬಂಡೆಗಳಲ್ಲಿ ಕಳ್ಳರು ಅವನ್ನು ಕಿತ್ತರು. ನೇತ್ರಾಣಿಯನ್ನೋ ನಮ್ಮ ನೌಕಾಪಡೆಯೇ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸಿದುದುಂಟು.

ಸರಕಾರದ ಸ್ವತ್ತನ್ನು ಸರಕಾರ ಬಳಸಿದರೆ ದೋಷವೇನೆಂದು ಕೇಳುವವರಿದ್ದಾರೆ. ಅವರು ಜೈಮಿನಿಯ ಮೀಮಾಂಸಾಸೂತ್ರಗಳ ಆರನೆಯ ಅಧ್ಯಾಯವನ್ನು ಪರಾಮರ್ಶಿಸಬೇಕು. ವಿಶ್ವಜಿತ್ ಯಾಗದಲ್ಲಿ ಯಜಮಾನನು ಸರ್ವಸ್ವವನ್ನೂ ದಾನಮಾಡತಕ್ಕದ್ದು. ಹಾಗಾದರೆ ಸಾರ್ವಭೌಮನು ಭೂಮಿಯನ್ನೇ ಕೊಟ್ಟುಬಿಡಬಹುದೇ? ಕೂಡದು; ಭೂಮಿಯು ಸರ್ವರಿಗೂ ಸಮಾನ. ಪೈರನ್ನು ರಕ್ಷಿಸುವುದರಿಂದ ಅರಸನಿಗೆ ಒಂದು ಪಾಲು ಸಲ್ಲುವುದೇ ಹೊರತು ನೆಲದ ಒಡೆತನವಲ್ಲವೆಂದು ಭಾಷ್ಯಕಾರನಾದ ಶಬರಸ್ವಾಮಿಯು ವಿವರಿಸುತ್ತಾನೆ. ಹಾಲುರಾಮೇಶ್ವರದ ಕೊಳದ ಬಳಿ ಕಾದು ನಿಲ್ಲುವ ಭಕ್ತನಿಗೂ ಈ ನ್ಯಾಯವು ತಿಳಿದಿದೆ: ಗಂಗೆಯು ಕೊಟ್ಟುದು ಪ್ರಸಾದ, ಕೊಳವು ತನ್ನದಲ್ಲ.

‘ಸರ್ವರು’ ಎಂದರೆ ಮನುಷ್ಯರು ಮಾತ್ರ. ಅದೇ ಅಧ್ಯಾಯದ ಮೊದಲಲ್ಲಿಯೇ ತಿರ್ಯಗ್ಜಂತುಗಳಿಗೆ ಅಧಿಕಾರವಿಲ್ಲವೆಂದು ನಿರ್ಣಯಿಸಿಲ್ಲವೇ ಎಂದು ಶಾಸ್ತ್ರಜ್ಞರು ಆಕ್ಷೇಪಿಸಬಹುದು. ಆಕ್ಷೇಪವು ಸರಿಯೇ. ಆದರೆ ಆ ನಿಷೇಧವು ಯಜ್ಞಕರ್ಮಕ್ಕೆ ಸಂಬಂಧಿಸಿದುದು, ಬದುಕಿಗಲ್ಲ. ಅದಲ್ಲದೆ, ಹದ್ದಿಗೆ ಒಡೆತನವುಂಟೆಂದು ಸಾಧಿಸುವ ಅಗತ್ಯವೂ ಇಲ್ಲ. ಬಂಡೆಯು ಹಕ್ಕಿಯದಲ್ಲವೆಂದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ನಡುವಿನ ಈ ಹೆಜ್ಜೆಯನ್ನು ಮನುಷ್ಯನು ಸದಾ ಹಾರಿಯೇ ದಾಟಿದ್ದಾನೆ.

ದೇಶರಕ್ಷಣೆಗೆ ಅಭ್ಯಾಸವು ಬೇಕೆಂಬುದು ನಿಜವಾದ ವಾದ. ಅದನ್ನು ಹಗುರಾಗಿ ತಳ್ಳುವುದು ಬಾಲಿಶವಾದೀತು. ಕಾಯುವವನಿಗೆ ಪಾಲುಂಟೆಂದು ಶಬರನೂ ಒಪ್ಪಿದ್ದಾನೆ. ಆದರೆ ಆ ಪಾಲು ಕಾಯ್ದ ಪೈರಿನಿಂದ ಬರತಕ್ಕದ್ದು. ನೇತ್ರಾಣಿಯಲ್ಲಿ ಪೈರಿಲ್ಲ, ಕಾಯಬೇಕಾದುದು ಚಳಿಗಾಲದಲ್ಲಿ ಇಟ್ಟ ಆ ಎರಡು ಮೊಟ್ಟೆಗಳು. ಅವುಗಳ ಮೇಲೆಯೇ ಗುಂಡು ಹಾರಿಸಿದ ಬಳಿಕ ಯಾವ ರಕ್ಷಣೆಯ ಹೆಸರಿನಲ್ಲಿ ಪಾಲನ್ನು ಕೇಳಬೇಕು?